ಟರ್ಬೋ ಪಿಕಪ್ಪಾ, ಟರ್ಬೋ ಇಲ್ಲದ್ದಾ? ಮೊದಲು ಎಂಜಿನ್ನಿನ ಜಾತಕ ನೋಡಿ

ಅಮೆರಿಕದಲ್ಲಿ ಪಿಕಪ್ ಟ್ರಕ್ ತೆಗೆದುಕೊಳ್ಳಲು ಹೊರಟ ನಮ್ಮವರು ಯಾರೇ ಆಗಲಿ, ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಟರ್ಬೋ ಇರುವ ಎಂಜಿನ್ ತಗೊಳ್ಳೋದಾ, ಟರ್ಬೋ ಇಲ್ಲದ ಹಳೇ ಥರದ ವಿ8 (ಎಂಟು ಸಿಲಿಂಡರಿನ ಎಂಜಿನ್) ತಗೊಳ್ಳೋದಾ? ಹತ್ತು ಹದಿನೈದು ವರ್ಷ ಇಟ್ಟುಕೊಳ್ಳಬೇಕು, ನಡುದಾರಿಯಲ್ಲಿ ಕೈ ಕೊಡಬಾರದು, ಯಾವುದು ವಾಸಿ? ಡೆನ್ವರ್ ಸುತ್ತಮುತ್ತ ಇರುವ ನನಗೆ ಈ ಪ್ರಶ್ನೆ ಡಲ್ಲಾಸ್‌ನಿಂದಲೂ ಬರುತ್ತದೆ, ಹ್ಯೂಸ್ಟನ್‌ನಿಂದಲೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಅರ್ಧ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಟರ್ಬೋ ಅಂದರೆ ತಲೆನೋವು, ದೊಡ್ಡ ವಿ8 ಅಂದರೆ ಗುಂಡುಕಲ್ಲು.

ನಾನು ಇದನ್ನು ಒಪ್ಪುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಪಿಕಪ್ ಎಂಜಿನ್‌ಗಳು ಎಲ್ಲಿ ಕೆಟ್ಟಿವೆ ಅಂತ ಒಂದೊಂದಾಗಿ ನೋಡಿದರೆ, ದೊಡ್ಡ ದೊಡ್ಡ ಹೊಡೆತಗಳಲ್ಲಿ ಹೆಚ್ಚಿನವು ಟರ್ಬೋದಿಂದ ಬಂದವಲ್ಲ. ಬೇರಿಂಗ್, ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಓಟವನ್ನು ತಿರುಗುವ ಬಲ ಮಾಡುವ ದಂಡ), ಲಿಫ್ಟರ್ (ವಾಲ್ವನ್ನು ಎತ್ತುವ ಭಾಗ), ಟೈಮಿಂಗ್ ಚೈನು (ಪಿಸ್ಟನ್ ಮತ್ತು ವಾಲ್ವುಗಳ ಹೊತ್ತು ಹೊಂದಿಸುವ ಚೈನು), ಇವುಗಳಿಂದ ಬಂದವು. ಇವೆಲ್ಲ ಎರಡೂ ಥರದ ಎಂಜಿನ್ನಿನಲ್ಲಿ ಇರುವ ಭಾಗಗಳೇ. ಹಾಗಂತ ಟರ್ಬೋ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ನಾನು ಹೇಳುತ್ತಿಲ್ಲ. ವ್ಯತ್ಯಾಸ ಇದೆ. ಆದರೆ ಅದು ನೀವು ಎಲ್ಲಿ ಓಡಿಸುತ್ತೀರಿ, ಎಷ್ಟು ಎಳೆಸುತ್ತೀರಿ, ಆಯಿಲ್ ಯಾವಾಗ ಬದಲಿಸುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಮೊದಲು ಮಾರ್ಕೆಟ್ಟಿನ ಸ್ಥಿತಿ ನೋಡೋಣ, ಯಾಕೆಂದರೆ ಆಯ್ಕೆ ಈಗ ಪೂರ್ತಿ ನಮ್ಮ ಕೈಯಲ್ಲೂ ಇಲ್ಲ. ಟೊಯೊಟಾ ಟಂಡ್ರಾ 2022ರ ಮಾಡೆಲಿನಲ್ಲಿ 5.7 ಲೀಟರ್ ವಿ8 ಬಿಟ್ಟು 3.4 ಲೀಟರಿನ ಎರಡು ಟರ್ಬೋ ಇರುವ ವಿ6ಗೆ ಹೋಯಿತು. ಟಕೋಮಾ 2024ರಲ್ಲಿ 3.5 ಲೀಟರ್ ವಿ6 ಬಿಟ್ಟು 2.4 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೋ ಹಾಕಿಕೊಂಡಿತು. ಫೋರ್ಡ್ ಎಫ್-150ಯಲ್ಲಿ 2024ರಿಂದ ಶುರುವಿನ ಎಂಜಿನ್ನೇ 2.7 ಲೀಟರ್ ಇಕೋಬೂಸ್ಟ್, ಅಂದರೆ ಟರ್ಬೋ. ರ‍್ಯಾಮ್ 1500 ಅಂತೂ 2025ರಲ್ಲಿ ಹೆಮಿ ವಿ8 ತೆಗೆದುಹಾಕಿ 3.0 ಲೀಟರ್ ಹರಿಕೇನ್ ಟರ್ಬೋ ಕೊಟ್ಟಿತು, ಗಿರಾಕಿಗಳು ಸುಮ್ಮನಿರಲಿಲ್ಲ, 2026ರ ಮಾಡೆಲಿಗೆ ಹೆಮಿ ವಾಪಸ್ ಬಂತು. ಟರ್ಬೋ ಇಲ್ಲದೆ ಹೊಸದು ಬೇಕು ಅಂದರೆ ಈಗ ಉಳಿದಿರುವುದು ಎಫ್-150ಯ 5.0 ವಿ8, ಷೆವಿ ಮತ್ತು ಜಿಎಂಸಿಯ 5.3 ಹಾಗೂ 6.2 ವಿ8, ರ‍್ಯಾಮ್‌ನ ಹೆಮಿ ಮತ್ತು 3.6 ವಿ6, ಚಿಕ್ಕ ಗಾತ್ರದಲ್ಲಿ ನಿಸಾನ್ ಫ್ರಾಂಟಿಯರ್ ಮತ್ತು ಹೋಂಡಾ ರಿಡ್ಜ್‌ಲೈನ್. ಹೆಚ್ಚುಕಮ್ಮಿ ಇಷ್ಟೇ.

ಟರ್ಬೋ ಏನು ಮಾಡುತ್ತದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. ಹೊರಗೆ ಹೋಗುವ ಹೊಗೆಯ ಬಲದಿಂದ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲ್ ಜಾಸ್ತಿ ಉರಿಸಬಹುದು, ಚಿಕ್ಕ ಎಂಜಿನ್ನಿನಿಂದ ದೊಡ್ಡ ಕೆಲಸ ತೆಗೆಯಬಹುದು. ಆ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಅದನ್ನು ಕಾಯುವುದು ತೆಳ್ಳಗಿನ ಒಂದು ಆಯಿಲ್ ಪದರ. ಒಂದು ಕಡೆ ಕೆಂಪಗೆ ಕಾದ ಕಬ್ಬಿಣ, ಇನ್ನೊಂದು ಕಡೆ ಹೊರಗಿನ ಗಾಳಿ. ಇದರ ಜೊತೆಗೆ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಭಾಗ), ಪೈಪುಗಳು, ಕ್ಲಾಂಪುಗಳು, ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು), ಟರ್ಬೋಗೆ ಹೋಗುವ ಆಯಿಲ್ ಮತ್ತು ಕೂಲಂಟ್ ಲೈನುಗಳು. ಭಾಗಗಳು ಜಾಸ್ತಿ, ಬಿಸಿ ಜಾಸ್ತಿ. ವಾರಂಟಿ ಮುಗಿದ ಮೇಲೆ ಎರಡೂ ಟರ್ಬೋ ಬದಲಿಸಬೇಕಾಗಿ ಬಂದರೆ ಕೆಲವು ಸಾವಿರ ಡಾಲರ್ ಬಿಲ್ ಬರುತ್ತದೆ. ಟರ್ಬೋ ಬೇಡ ಅನ್ನುವವರು ಇಷ್ಟನ್ನು ಹೇಳಿದರೆ ಅವರು ಹೇಳುವುದು ಸರಿಯೇ.

ಫೋರ್ಡ್‌ನ 3.5 ಇಕೋಬೂಸ್ಟ್ ಎಫ್-150ಗೆ ಬಂದದ್ದು 2011ರಲ್ಲಿ. ಪಿಕಪ್‌ನಲ್ಲಿ ಟರ್ಬೋ ಪೆಟ್ರೋಲ್ ವಿ6 ಕೊಂಡು ಓಡಿಸುವ ಧೈರ್ಯ ಜನಕ್ಕೆ ಬಂದದ್ದೇ ಅದರಿಂದ. ಶುರುವಿನ ವರ್ಷಗಳಲ್ಲಿ ಅದಕ್ಕೆ ಕಾಯಿಲೆ ಇತ್ತು. ತೇವದ ಹವೆಯಲ್ಲಿ ಇಂಟರ್‌ಕೂಲರ್ ಒಳಗೆ ನೀರು ಕೂಡಿಕೊಂಡು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆ ನೀರು ಎಂಜಿನ್ನಿಗೆ ಹೋಗಿ ಗಾಡಿ ನಡುಗುತ್ತಿತ್ತು. ಇದು ನೇರವಾಗಿ ಟರ್ಬೋ ವ್ಯವಸ್ಥೆಯ ತೊಂದರೆ. ಟೈಮಿಂಗ್ ಚೈನು ಸಡಿಲವಾಗುವ ದೂರು ಬೇರೆ ಇತ್ತು. 2017ರಲ್ಲಿ ಎರಡನೇ ತಲೆಮಾರು ಬಂತು, ಆಗ 2020ರವರೆಗಿನ ಗಾಡಿಗಳಲ್ಲಿ ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡು ಗಡಗಡ ಸದ್ದು ಬರುವ ಕ್ಯಾಮ್ ಫೇಸರ್ ತೊಂದರೆ ಬಂತು. ಈ ಕ್ಯಾಮ್ ಫೇಸರ್ ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಭಾಗ. ಟರ್ಬೋಗೂ ಅದಕ್ಕೂ ಸಂಬಂಧವಿಲ್ಲ. ಸಂಶಯ ಇದ್ದರೆ ಅದೇ ಫೋರ್ಡ್‌ನ ಹಳೇ 5.4 ಲೀಟರ್ ಟ್ರೈಟನ್ ವಿ8 ನೆನಪಿಸಿಕೊಳ್ಳಿ. ಅದಕ್ಕೆ ಟರ್ಬೋ ಇರಲಿಲ್ಲ. 2004ರಿಂದ ಬಂದ ಮೂರು ವಾಲ್ವಿನ ಆ ಎಂಜಿನ್ನಿನಲ್ಲೂ ಕ್ಯಾಮ್ ಫೇಸರ್ ಗಡಗಡ ಅನ್ನುತ್ತಿತ್ತು, ಸಾಲದ್ದಕ್ಕೆ ಸ್ಪಾರ್ಕ್ ಪ್ಲಗ್ ಬಿಚ್ಚಲು ಹೋದರೆ ಅದು ಹೆಡ್ಡಿನೊಳಗೇ ಮುರಿದುಕೊಳ್ಳುತ್ತಿತ್ತು. ವಿ8 ಅಂದ ತಕ್ಷಣ ಕಣ್ಣುಮುಚ್ಚಿ ಚೆಕ್ ಬರೆಯುವವರು ಆ ಎಂಜಿನ್ ರಿಪೇರಿ ಮಾಡಿದ ಯಾವ ಮೆಕ್ಯಾನಿಕ್ಕನ್ನಾದರೂ ಒಮ್ಮೆ ಮಾತಾಡಿಸಬೇಕು.

ಈಗ ಈಚಿನ ವರ್ಷಗಳ ದೊಡ್ಡ ರೀಕಾಲ್‌ಗಳಿಗೆ ಬರೋಣ. ರೀಕಾಲ್ ಅಂದರೆ ದೋಷ ಕಂಡಾಗ ಕಂಪನಿ ಮಾರಿದ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡುವುದು. ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇವನ್ನು ಓದಿದ ಮೇಲೆಯೇ.

2024ರ ಮೇ ತಿಂಗಳಲ್ಲಿ ಟೊಯೊಟಾ 2022 ಮತ್ತು 2023ರ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1,02,000 ಗಾಡಿಗಳನ್ನು ಅಮೆರಿಕದಲ್ಲಿ ರೀಕಾಲ್ ಮಾಡಿತು. ಕಾರಣ ಏನು ಗೊತ್ತಾ? ಎಂಜಿನ್ ತಯಾರಿಸುವಾಗ ಕೊರೆದ ಲೋಹದ ಚೂರುಪಾರು ಒಳಗೇ ಉಳಿದು, ಮೇನ್ ಬೇರಿಂಗ್ ಹಾಳಾಗಿ, ಗಾಡಿ ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗಬಹುದು ಅಂತ. ಎಂಜಿನ್ನನ್ನೇ ಬದಲಿಸಿಕೊಡುತ್ತೇವೆ ಅಂತ ಕಂಪನಿ ಹೇಳಿತು. 2025ರ ನವೆಂಬರ್‌ನಲ್ಲಿ ಇನ್ನೂ ಸುಮಾರು 1,27,000 ಗಾಡಿಗಳು ಇದಕ್ಕೆ ಸೇರಿದವು. ಸುದ್ದಿ ಬಂದ ಕೂಡಲೇ "ನೋಡಿದ್ರಾ, ಟರ್ಬೋ ಹಾಕಿದರು, ಟಂಡ್ರಾ ಕೆಟ್ಟಿತು" ಅಂತ ಎಲ್ಲ ಕಡೆ ಶುರುವಾಯಿತು. ಆದರೆ ಕೆಟ್ಟದ್ದು ಕೆಳಗಿನ ಬೇರಿಂಗ್. ಅದೇ ಕಸ ಹಳೇ 5.7 ವಿ8 ಒಳಗೆ ಉಳಿದಿದ್ದರೆ ಅದೂ ಸೀಜ್ ಆಗುತ್ತಿತ್ತು. ಟರ್ಬೋ ಎಂಜಿನ್ನಿನಲ್ಲಿ ಬೇರಿಂಗಿನ ಮೇಲೆ ಒತ್ತಡ ಜಾಸ್ತಿ, ಹಾಗಾಗಿ ಕಸವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ ಅಂತ ಯಾರಾದರೂ ವಾದ ಮಾಡಿದರೆ ನಾನು ಕೇಳಿಸಿಕೊಳ್ಳುತ್ತೇನೆ, ಅದರಲ್ಲಿ ಹುರುಳಿದೆ. ಆದರೂ ಮೂಲ ತಪ್ಪು ಕಾರ್ಖಾನೆಯ ಸ್ವಚ್ಛತೆಯದ್ದು.

ಮುಂದಿನ ವರ್ಷ, 2025ರ ಏಪ್ರಿಲ್. ಈ ಸಲ ಜನರಲ್ ಮೋಟಾರ್ಸ್‌ನ 6.2 ಲೀಟರ್ ವಿ8. ಟರ್ಬೋ ಇಲ್ಲ, ಉದ್ದ ಕಡ್ಡಿಯಿಂದ ವಾಲ್ವ್ ತೆರೆಯುವ ಹಳೇ ಥರದ ಪುಶ್‌ರಾಡ್ ವಿನ್ಯಾಸ, ಎಲ್ಲರೂ ಬಾಯಿತುಂಬ ಹೊಗಳುತ್ತಿದ್ದ ಎಂಜಿನ್. 2021ರಿಂದ 2024ರ ಸಿಲ್ವೆರಾಡೊ, ಸಿಯೆರಾ, ಟಾಹೋ, ಯೂಕಾನ್, ಎಸ್ಕಲೇಡ್ ಎಲ್ಲ ಸೇರಿ ಅಮೆರಿಕ ಒಂದರಲ್ಲೇ ಸುಮಾರು 5,97,000 ಗಾಡಿ ರೀಕಾಲ್. ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ದಂಡ) ಮತ್ತು ಕ್ರ್ಯಾಂಕ್‌ಶಾಫ್ಟ್‌ಗಳಲ್ಲಿ ತಯಾರಿಕೆಯ ದೋಷ. ಪರೀಕ್ಷೆಯಲ್ಲಿ ಫೇಲ್ ಆದ ಎಂಜಿನ್ನಿಗೆ ರಿಪೇರಿ ಇಲ್ಲವೇ ಹೊಸ ಎಂಜಿನ್. ಪಾಸಾದ ಗಾಡಿಗೆ 0ಡಬ್ಲ್ಯೂ-20 ಆಯಿಲ್ ತೆಗೆದು ಗಟ್ಟಿಯಾದ 0ಡಬ್ಲ್ಯೂ-40 ಆಯಿಲ್, ಅದನ್ನು ತಪ್ಪದೆ ಹಾಕಲಿ ಅಂತ ಹೊಸ ಆಯಿಲ್ ಕ್ಯಾಪ್, ಜೊತೆಗೆ 10 ವರ್ಷ ಅಥವಾ 1,50,000 ಮೈಲಿಯ ವಿಶೇಷ ವಾರಂಟಿ. ಟಂಡ್ರಾದ ಮೊದಲ ರೀಕಾಲ್‌ಗಿಂತ ಐದಾರು ಪಟ್ಟು ದೊಡ್ಡದು ಇದು. ಆಗ ಯಾರೂ "ಟರ್ಬೋ ಇಲ್ಲದ್ದಕ್ಕೆ ಹೀಗಾಯಿತು" ಅಂತ ಹೇಳಲಿಲ್ಲ, ಅಲ್ವಾ?

ಅದೇ ಕಂಪನಿಯ 5.3 ವಿ8 ಮತ್ತು 6.2ಕ್ಕೆ ಇನ್ನೊಂದು ಹಳೇ ಕಾಯಿಲೆ ಇದೆ. ಪೆಟ್ರೋಲ್ ಉಳಿಸಲು ಹಗುರ ಓಟದಲ್ಲಿ ಕೆಲವು ಸಿಲಿಂಡರ್‌ಗಳನ್ನು ಮಲಗಿಸುತ್ತಾರೆ. ಅದಕ್ಕೆ ವಿಶೇಷ ಲಿಫ್ಟರ್‌ಗಳು ಬೇಕು. ಆ ಲಿಫ್ಟರ್ ಕುಸಿದು ಸಿಕ್ಕಿಹಾಕಿಕೊಂಡರೆ ಟಿಕ್ ಟಿಕ್ ಸದ್ದು ಶುರು, ಬಿಟ್ಟರೆ ಕ್ಯಾಮ್‌ಶಾಫ್ಟನ್ನೂ ತಿಂದುಹಾಕುತ್ತದೆ. ರ‍್ಯಾಮ್‌ನ 5.7 ಹೆಮಿಯಲ್ಲೂ ಲಿಫ್ಟರ್ ಮತ್ತು ಕ್ಯಾಮ್ ಸವೆಯುವ ದೂರು ವರ್ಷಗಳಿಂದ ಇದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟು ಮುರಿಯುವುದು ಬೇರೆ. 2023ರ ನವೆಂಬರ್‌ನಲ್ಲಿ ಹೋಂಡಾ ತನ್ನ 3.5 ವಿ6 ಇರುವ ಸುಮಾರು 2,49,000 ಗಾಡಿಗಳನ್ನು, ರಿಡ್ಜ್‌ಲೈನೂ ಸೇರಿ, ಕನೆಕ್ಟಿಂಗ್ ರಾಡ್ ಬೇರಿಂಗ್ ತೊಂದರೆಗೆ ರೀಕಾಲ್ ಮಾಡಿತು. ಅದಕ್ಕೂ ಟರ್ಬೋ ಇಲ್ಲ. ಇನ್ನು ನಾನು ಮೆಚ್ಚುವ ಫೋರ್ಡ್ 5.0, 2018ರಲ್ಲಿ ಸಿಲಿಂಡರ್ ಗೋಡೆಗೆ ಲೈನರ್ ಬದಲು ಲೋಹದ ಪದರ ಸಿಂಪಡಿಸುವ ಪದ್ಧತಿಗೆ ಹೋದ ಮೇಲೆ ಕೆಲವು ಗಾಡಿಗಳು ಆಯಿಲ್ ಕುಡಿಯಲು ಶುರು ಮಾಡಿದವು. ಆಗ ಕಂಪನಿ ಕೊಟ್ಟ ಪರಿಹಾರದಲ್ಲಿ ಗುರುತು ಬದಲಿಸಿದ ಹೊಸ ಡಿಪ್‌ಸ್ಟಿಕ್ಕೂ ಒಂದು. ಆಯಿಲ್ ತಿನ್ನುವ ಎಂಜಿನ್ನಿಗೆ ಅಳತೆಕಡ್ಡಿ ಬದಲಿಸಿದರೆ ಗಿರಾಕಿಗೆ ಸಮಾಧಾನ ಹೇಗಾಗಬೇಕು?

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ನೀವು "ಟರ್ಬೋ ಇಲ್ಲದ್ದು" ಅನ್ನುವ ಒಂದೇ ಜರಡಿಯಲ್ಲಿ ಸೋಸಿದರೆ ರೀಕಾಲ್ ಆದ 6.2 ನಿಮ್ಮ ಕೈಗೆ ಬರುತ್ತದೆ, ಒಳ್ಳೆಯ 2.7 ಇಕೋಬೂಸ್ಟ್ ಕೆಳಗೆ ಬಿದ್ದುಹೋಗುತ್ತದೆ. ಆ 2.7ಕ್ಕೂ ದೋಷ ಇಲ್ಲ ಅಂತಲ್ಲ. 2021 ಮತ್ತು 2022ರ ಮಾಡೆಲಿನ ಕೆಲವು 2.7 ಮತ್ತು 3.0 ಎಂಜಿನ್‌ಗಳ ಇನ್‌ಟೇಕ್ ವಾಲ್ವ್ ಮುರಿಯುತ್ತದೆ ಅಂತ 2024ರಲ್ಲಿ ಸುಮಾರು 90,000 ಗಾಡಿಗಳ ರೀಕಾಲ್ ಆಗಿದೆ. ವಾಲ್ವಿಗೆ ಬಳಸಿದ ಲೋಹ ಬೇಕಾದ್ದಕ್ಕಿಂತ ಗಟ್ಟಿಯಾಗಿ ಪೆಡಸಾಗಿತ್ತು. ಇದೂ ಟರ್ಬೋ ಅಲ್ಲ. ಎಂಜಿನ್ ಯಾವುದು, ಯಾವ ವರ್ಷದ್ದು, ಆ ವರ್ಷದಲ್ಲಿ ಏನು ಕೆಟ್ಟಿತು, ಆಮೇಲೆ ಏನು ಬದಲಿಸಿದರು ಅನ್ನುವುದು ಅದರ ಜಾತಕ. ಮೊದಲು ಅದನ್ನು ನೋಡಬೇಕು.

ಹಾಗಾದರೆ ಟರ್ಬೋ ಇರುವುದು ಇಲ್ಲದಿರುವುದು ಎಲ್ಲಿ ಲೆಕ್ಕಕ್ಕೆ ಬರುತ್ತದೆ? ನನ್ನ ಪ್ರಕಾರ ಮುಖ್ಯವಾಗಿ ಎರಡು ಕಡೆ. ಎತ್ತರದ ಜಾಗದಲ್ಲಿ, ಮತ್ತು ದಿನಗಟ್ಟಲೆ ಭಾರ ಎಳೆಯುವಲ್ಲಿ. ತಮಾಷೆ ಏನೆಂದರೆ ಈ ಎರಡೂ ಕಡೆ ಉತ್ತರ ಒಂದೇ ಅಲ್ಲ.

ಎತ್ತರದ ವಿಷಯ ಕೊಲರಾಡೊದಲ್ಲಿ ಇರುವವರಿಗೆ ವಿವರಿಸಬೇಕಾಗಿಲ್ಲ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಹೆಚ್ಚುಕಮ್ಮಿ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಯಾಕೆಂದರೆ ಗಾಳಿ ತೆಳುವಾಗುತ್ತದೆ. ಅಂದರೆ ಮನೆಯಿಂದ ಹೊರಡುವಾಗಲೇ ಶೇ. 15ರಷ್ಟು ಹೋಗಿರುತ್ತದೆ. ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹತ್ತಿ ಐಸೆನ್‌ಹೋವರ್ ಸುರಂಗ ಮುಟ್ಟುವ ಹೊತ್ತಿಗೆ 11,000 ಅಡಿ ದಾಟಿರುತ್ತೀರಿ. ಬ್ರೋಷರಿನಲ್ಲಿ 400 ಹಾರ್ಸ್‌ಪವರ್ ಅಂತ ಇದ್ದ 5.0 ಅಲ್ಲಿ ಸುಮಾರು 280ಕ್ಕೆ ಇಳಿದಿರುತ್ತದೆ. ಹಿಂದೆ 7,000 ಪೌಂಡಿನ ಕ್ಯಾಂಪರ್ (ಒಳಗೆ ಉಳಿದುಕೊಳ್ಳಬಹುದಾದ ಟ್ರೇಲರ್) ಇದ್ದರೆ ಎಂಜಿನ್ ನಿಮಿಷಕ್ಕೆ 5,000 ಸುತ್ತಿನಲ್ಲಿ ಕಿರುಚುತ್ತಾ ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ ಹತ್ತಬೇಕು. ಟರ್ಬೋ ಎಂಜಿನ್ನಿಗೂ ಅಲ್ಲಿ ಸ್ವಲ್ಪ ನಷ್ಟ ಆಗುತ್ತದೆ, ಆದರೆ ತೆಳು ಗಾಳಿಯನ್ನು ಇನ್ನಷ್ಟು ಒತ್ತಿ ತುಂಬಿ ಅದು ಹೆಚ್ಚಿನ ಪಾಲು ಉಳಿಸಿಕೊಳ್ಳುತ್ತದೆ. 3.5 ಇಕೋಬೂಸ್ಟ್‌ದೂ 400 ಹಾರ್ಸ್‌ಪವರ್ರೇ, ಆದರೆ ಟಾರ್ಕ್ (ತಿರುಗಿಸುವ ಬಲ) 500 ಪೌಂಡ್-ಅಡಿ, ಅದೂ 3,100 ಸುತ್ತಿನಲ್ಲಿ. 5.0 ಕೊಡುವುದು 410, ಅದಕ್ಕೆ 4,250 ಸುತ್ತು ಬೇಕು. ಸಮುದ್ರಮಟ್ಟದಲ್ಲೇ ಇಷ್ಟು ವ್ಯತ್ಯಾಸ, ಘಾಟಿಯಲ್ಲಿ ಕೇಳಲೇಬೇಡಿ.

ಇಲ್ಲಿ ಒಂದು ಮಾತು ಯಾರೂ ಹೇಳುವುದಿಲ್ಲ ಅಂತ ನನಗೆ ಬೇಸರ. ಎಷ್ಟು ಭಾರ ಎಳೆಯಬಹುದು ಅಂತ ಕಂಪನಿಗಳು ಕೊಡುವ ಅಂಕಿ ವಾಹನ ಎಂಜಿನಿಯರ್‌ಗಳ ಸಂಘದ ಎಸ್‌ಎಇ ಜೆ2807 ಅನ್ನುವ ಪರೀಕ್ಷೆಯಿಂದ ಬರುತ್ತದೆ. ಅದರ ಪ್ರಸಿದ್ಧ ಏರು ಅರಿಜೋನಾದ ಡೇವಿಸ್ ಡ್ಯಾಮ್ ರಸ್ತೆ, ಸುಮಾರು 11 ಮೈಲಿ ಹತ್ತುವುದು. ಎಸಿ ಹಾಕಿಕೊಂಡು, ಬಿಸಿಲಲ್ಲಿ, 40 ಮೈಲಿ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ಆ ಏರಿನ ತುದಿ ಇರುವುದು ಸುಮಾರು 3,500 ಅಡಿಯಲ್ಲಿ. ಅದು ಬಿಸಿಯನ್ನು ಪರೀಕ್ಷಿಸುತ್ತದೆ, ತೆಳು ಗಾಳಿಯನ್ನಲ್ಲ. ಹಾಗಾಗಿ ಬ್ರೋಷರಿನಲ್ಲಿ ಎರಡೂ ಎಂಜಿನ್ನಿಗೆ ಹತ್ತಿರ ಹತ್ತಿರದ ಅಂಕಿ ನೋಡಿ ಕೊಲರಾಡೊದಲ್ಲೋ ಯೂಟಾದಲ್ಲೋ ಟರ್ಬೋ ಇಲ್ಲದ್ದನ್ನು ಕೊಂಡು ಕ್ಯಾಂಪರ್ ಕಟ್ಟಿದರೆ ಘಾಟಿಯಲ್ಲಿ ದಮ್ಮು ಕಟ್ಟುತ್ತದೆ. ಇದನ್ನು ಬಾಳಿಕೆಯ ಪ್ರಶ್ನೆ ಅಲ್ಲ ಅನ್ನಬೇಡಿ. ಪ್ರತಿ ಏರಿನಲ್ಲೂ ಎಂಜಿನ್ನನ್ನು ಅದರ ತುದಿಯವರೆಗೆ ಹಿಂಡುವುದು, ಗೇರ್‌ಬಾಕ್ಸನ್ನು ಕೆಳಗಿನ ಗೇರಿನಲ್ಲಿ ಕಾಯಿಸುವುದು, ಇವೂ ಆಯಸ್ಸು ಕಡಿಮೆ ಮಾಡುತ್ತವೆ.

ಎತ್ತರಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಪೆಟ್ರೋಲ್. ಕೊಲರಾಡೊದ ಬಂಕ್‌ಗಳಲ್ಲಿ ರೆಗ್ಯುಲರ್ ಅಂತ ಸಿಗುವುದು 85 ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ಇರುವ ಶಕ್ತಿಯ ಅಂಕಿ). ಎತ್ತರದಲ್ಲಿ ಸಿಲಿಂಡರ್ ಒತ್ತಡ ಕಡಿಮೆ, ಅದಕ್ಕೇ ಕಡಿಮೆ ಆಕ್ಟೇನ್ ಸಾಕು ಅನ್ನುವುದು ಕಾರ್ಬುರೇಟರ್ ಕಾಲದ ಲೆಕ್ಕ. ಟರ್ಬೋ ಎಂಜಿನ್ ಆ ಒತ್ತಡವನ್ನು ವಾಪಸ್ ತಂದುಕೊಂಡಿರುತ್ತದೆ, ಅದಕ್ಕೆ ಈ ಲೆಕ್ಕ ಹೊಂದುವುದೇ ಇಲ್ಲ. ಮ್ಯಾನ್ಯುಅಲ್ ಕೇಳುವುದು ಕನಿಷ್ಠ 87. ಟರ್ಬೋ ಪಿಕಪ್ಪಿಗೆ ದಯವಿಟ್ಟು 85 ಹಾಕಬೇಡಿ. ಭಾರ ಎಳೆಯುವ ದಿನ 91 ಹಾಕಿದರೆ ಇನ್ನೂ ಒಳ್ಳೆಯದು.

ಈಗ ಇನ್ನೊಂದು ಕಡೆ, ದಿನಾ ಭಾರ ಎಳೆಯುವ ಕೆಲಸ. ಇಲ್ಲಿ ಕಂಪನಿಗಳೇ ಏನು ಮಾಡಿವೆ ನೋಡಿ. ಎಫ್-250, ಸಿಲ್ವೆರಾಡೊ 2500, ರ‍್ಯಾಮ್ 2500 ಅಂಥ ದೊಡ್ಡ ಕೆಲಸದ ಟ್ರಕ್‌ಗಳಲ್ಲಿ ಯಾರೂ ಟರ್ಬೋ ಪೆಟ್ರೋಲ್ ಎಂಜಿನ್ ಕೊಡುವುದಿಲ್ಲ. ಫೋರ್ಡ್ 2020ರಲ್ಲಿ ಹೊಚ್ಚಹೊಸದಾಗಿ ತಯಾರಿಸಿದ್ದು 7.3 ಲೀಟರಿನ, ಬೀಡುಕಬ್ಬಿಣದ ಬ್ಲಾಕಿನ, ಪುಶ್‌ರಾಡ್ ವಿ8. ಟರ್ಬೋ ಇಲ್ಲ, ಸಿಲಿಂಡರ್ ಮಲಗಿಸುವ ಆಟವೂ ಇಲ್ಲ. ಜಿಎಂ ಕೊಡುವುದು 6.6 ಲೀಟರ್ ವಿ8, ಅದೂ ಹಾಗೆಯೇ. ರ‍್ಯಾಮ್‌ದು 6.4 ಹೆಮಿ. ಇಕೋಬೂಸ್ಟ್ ಮೇಲೆ ಅಷ್ಟು ನಂಬಿಕೆ ಇಟ್ಟಿರುವ ಫೋರ್ಡೇ ಸೂಪರ್ ಡ್ಯೂಟಿಗೆ (ಎಫ್-250 ಮತ್ತು ಅದಕ್ಕಿಂತ ದೊಡ್ಡ ಟ್ರಕ್‌ಗಳಿಗೆ) ಅದನ್ನು ಹಾಕಲಿಲ್ಲ ಅಂದರೆ ಅದರಲ್ಲಿ ನಮಗೆ ಸೂಚನೆ ಇದೆ. ಟರ್ಬೋ ಪೆಟ್ರೋಲ್ ಎಂಜಿನ್ ಆಗೊಮ್ಮೆ ಈಗೊಮ್ಮೆ ಜೋರು ಬಲ ಕೊಡಲು ಚೆನ್ನ. ಇಡೀ ದಿನ, ಪ್ರತಿ ದಿನ ಪೂರ್ತಿ ಬಲ ಕೇಳಿದರೆ ಬಿಸಿ ಏರುತ್ತದೆ, ಆ ಬಿಸಿ ಇಳಿಸಲು ಪೆಟ್ರೋಲ್ ಜಾಸ್ತಿ ಸುರಿಯಬೇಕು. ಇಕೋಬೂಸ್ಟ್‌ನಲ್ಲಿ ಟ್ರೇಲರ್ ಎಳೆದವರು ಮೈಲೇಜ್ ಎಲ್ಲಿ ಹೋಯಿತು ಅಂತ ಕೇಳುವುದು ಇದಕ್ಕೇ.

ಡೀಸೆಲ್ ಕಥೆ ಬೇರೆ. ಅದರ ಹೊಗೆ ಪೆಟ್ರೋಲಿನಷ್ಟು ಬಿಸಿ ಇರುವುದಿಲ್ಲ, ಎಂಜಿನ್ನೇ ಆ ಒತ್ತಡಕ್ಕೆ ಅಂತ ದಪ್ಪಗೆ ಎರಕ ಹೊಯ್ದದ್ದು. ಡಾಡ್ಜ್ ರ‍್ಯಾಮ್‌ಗೆ 1989ರ ಮಾಡೆಲಿನಲ್ಲಿ ಬಂದ 5.9 ಲೀಟರ್ ಕಮ್ಮಿನ್ಸ್ ಮೊದಲ ದಿನದಿಂದಲೇ ಟರ್ಬೋ, ಬಾಳಿಕೆಗೆ ಇಂದಿಗೂ ಅದರ ಹೆಸರೇ ಹೇಳುತ್ತಾರೆ. ಊರಿನ ಕಡೆ ನೋಡಿ, ಕೋಲಾರದಿಂದ ಟೊಮ್ಯಾಟೊ ಹೊತ್ತು ಬೆಂಗಳೂರಿಗೆ ಓಡುವ ಬೊಲೆರೊ ಪಿಕಪ್ ಟರ್ಬೋ ಡೀಸೆಲ್ಲೇ. ಆ ಗಾಡಿಗಳಿಗೆ ಸಿಗುವ ಆರೈಕೆ ಎಷ್ಟು ಅಂತ ನಮಗೆಲ್ಲ ಗೊತ್ತು, ಹೊರುವ ಭಾರ ಎಷ್ಟು ಅಂತಲೂ ಗೊತ್ತು. ಟರ್ಬೋ ಅನ್ನುವುದು ತಾನಾಗಿಯೇ ನಾಜೂಕು ವಸ್ತು ಅನ್ನುವ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಆದರೆ ಅಲ್ಲಿನ ಡೀಸೆಲ್ ನೋಡಿ ಇಲ್ಲಿನ ಟರ್ಬೋ ಪೆಟ್ರೋಲ್ ಕೊಳ್ಳಲು ಧೈರ್ಯ ತಂದುಕೊಳ್ಳುವುದೂ ಸರಿಯಲ್ಲ, ಬಿಸಿಯ ಲೆಕ್ಕ ಬೇರೆ ಬೇರೆ.

ಆಯಿಲ್ ಬಗ್ಗೆ ನಾನು ಸ್ವಲ್ಪ ಹಠವಾದಿ. ಫೋರ್ಡ್‌ನ ಆಯಿಲ್ ಲೈಫ್ ಮಾನಿಟರ್ ಹಗುರ ಬಳಕೆಯಲ್ಲಿ 10,000 ಮೈಲಿಯವರೆಗೆ ಬಿಡುತ್ತದೆ. ಟರ್ಬೋ ಎಂಜಿನ್ ಆಗಿದ್ದರೆ ನೀವು 5,000ಕ್ಕೇ ಬದಲಿಸಿ. ಒಂದೇ ಆಯಿಲ್ ಟರ್ಬೋ ಬೇರಿಂಗನ್ನೂ ಕಾಯಬೇಕು, ಟೈಮಿಂಗ್ ಚೈನನ್ನೂ ಕಾಯಬೇಕು, ಕ್ಯಾಮ್ ಫೇಸರನ್ನೂ ಓಡಿಸಬೇಕು. ಅದರ ಮೇಲೆ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಚಳಿಗಾಲದ ಗಿಡ್ಡ ಓಡಾಟ ಇದ್ದರೆ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಹಾಲು ತಂದು ವಾಪಸ್ ಬರುವಂಥದ್ದು, ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುತ್ತೀರಿ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಗುಂಟ ಇಳಿದು ಆಯಿಲಿಗೆ ಸೇರುತ್ತದೆ, ಆಯಿಲ್ ನೀರಿನಂತೆ ತೆಳುವಾಗುತ್ತದೆ. ಟರ್ಬೋ ಎಂಜಿನ್ನಿನಲ್ಲಿ ಇದು ಇನ್ನೂ ಜಾಸ್ತಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಆಯಿಲ್ ದರ್ಜೆ) ಅಂತ ಇದೆಯಾ ನೋಡಿಕೊಳ್ಳಿ. ಕಡಿಮೆ ಸುತ್ತಿನಲ್ಲಿ ಜೋರಾಗಿ ಒತ್ತಿದಾಗ ಸ್ಪಾರ್ಕ್ ಬರುವ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಟರ್ಬೋ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಿಗಿದೆ, ಅದನ್ನು ತಡೆಯಲೆಂದೇ ಮೊದಲು 2018ರಲ್ಲಿ ಎಸ್‌ಎನ್ ಪ್ಲಸ್, ಆಮೇಲೆ 2020ರಲ್ಲಿ ಎಸ್‌ಪಿ ದರ್ಜೆ ಬಂದವು. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ದರ್ಜೆಯ ಆಯಿಲ್ ಹಾಕುವುದು ಬೇಡ.

ಊರಲ್ಲಿ ಲಾರಿ ಡ್ರೈವರ್‌ಗಳು ಘಾಟಿ ಹತ್ತಿ ಬಂದು ಟೀ ಕುಡಿಯಲು ನಿಲ್ಲಿಸಿದಾಗ ಎಂಜಿನ್ ತಕ್ಷಣ ಆಫ್ ಮಾಡುವುದಿಲ್ಲ, ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡುತ್ತಾರೆ. ಅದರ ಕಾರಣ ಟರ್ಬೋ. ಈಗಿನ ಟರ್ಬೋಗಳಿಗೆ ಕೂಲಂಟ್ ಇದೆ, ಆಫ್ ಮಾಡಿದ ಮೇಲೂ ಅದು ತಾನಾಗಿ ಹರಿದು ಬಿಸಿ ಇಳಿಸುತ್ತದೆ, ಆಫೀಸಿಗೆ ಹೋಗಿ ಬಂದದ್ದಕ್ಕೆಲ್ಲ ಕಾಯಬೇಕಾಗಿಲ್ಲ. ಆದರೆ ಟ್ರೇಲರ್ ಎಳೆದುಕೊಂಡು ಘಾಟಿ ಹತ್ತಿ ತುದಿಯಲ್ಲಿ ಫೋಟೋಗೆ ಅಂತ ನಿಲ್ಲಿಸಿದರೆ ಒಂದೆರಡು ನಿಮಿಷ ಓಡಲು ಬಿಡಿ. ಆ ಡ್ರೈವರ್‌ಗಳ ಪದ್ಧತಿ ಸರಿಯಾದದ್ದೇ.

ಇನ್ನು ನಾನಾದರೆ ಏನು ಕೊಳ್ಳುತ್ತೇನೆ ಅಂತ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಯಾಕೆ.

ಡಲ್ಲಾಸ್, ಹ್ಯೂಸ್ಟನ್, ಫ್ಲಾರಿಡಾ ಅಂಥ ತಗ್ಗಿನ ಜಾಗ. ವಾರಕ್ಕೊಮ್ಮೆ ಹೋಮ್ ಡಿಪೋ, ವರ್ಷಕ್ಕೊಂದೆರಡು ಸಲ ಚಿಕ್ಕ ಟ್ರೇಲರ್, ವಾರಂಟಿ ಮುಗಿದ ಮೇಲೂ ವರ್ಷಗಟ್ಟಲೆ ಇಟ್ಟುಕೊಳ್ಳುವ ಆಸೆ. ಇಲ್ಲಿ ಟರ್ಬೋ ಬೇಡ. ದೊಡ್ಡ ಟ್ರಕ್ ಬೇಕಿದ್ದರೆ 2021ರ ನಂತರದ ಎಫ್-150 5.0, ಚಿಕ್ಕದು ಸಾಕು ಅಂದರೆ ನಿಸಾನ್ ಫ್ರಾಂಟಿಯರ್. ಫ್ರಾಂಟಿಯರ್‌ನ 3.8 ವಿ6 ನಮ್ಮ ಜನರ ಕಣ್ಣಿಗೆ ಬೀಳುವುದೇ ಇಲ್ಲ, ಎಲ್ಲರಿಗೂ ಟಕೋಮಾನೇ ಬೇಕು. 310 ಹಾರ್ಸ್‌ಪವರ್, ಟರ್ಬೋ ಇಲ್ಲ, ಬೆಲೆ ಕಡಿಮೆ. ಒಳಗಿನ ಅಂದಚಂದ ಸ್ವಲ್ಪ ಹಿಂದೆ, ಅದು ನಿಜ.

ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಜೊತೆಗೆ ಕ್ಯಾಂಪರ್. ಇಲ್ಲಿ ಟರ್ಬೋನೇ. 2.7 ಇಕೋಬೂಸ್ಟ್ ಸಾಕಾಗುವವರೇ ಹೆಚ್ಚು. 400 ಪೌಂಡ್-ಅಡಿ ಟಾರ್ಕ್ ಇದೆ, ಬ್ಲಾಕಿನ ಮೇಲ್ಭಾಗ ಡೀಸೆಲ್ ಎಂಜಿನ್ನಿಗೆ ಬಳಸುವ ಥರದ ಗಟ್ಟಿ ಗ್ರಾಫೈಟ್ ಕಬ್ಬಿಣ. 2018ರಿಂದ ಪೋರ್ಟ್ ಇಂಜೆಕ್ಷನ್ನೂ (ವಾಲ್ವಿನ ಹಿಂದೆಯೇ ಪೆಟ್ರೋಲ್ ಚಿಮ್ಮಿಸುವುದು) ಸೇರಿರುವುದರಿಂದ ಇನ್‌ಟೇಕ್ ವಾಲ್ವಿಗೆ ಮಸಿ ಕಟ್ಟುವ ಚಿಂತೆ ಕಡಿಮೆ. ಕ್ಯಾಂಪರ್ ತೀರಾ ದೊಡ್ಡದಿದ್ದರೆ 2021ರ ನಂತರದ 3.5.

ಟಕೋಮಾ ಮಾತ್ರ ನನಗೆ ಇಂದಿಗೂ ಗೊಂದಲ. ಹಳೇ 3.5 ವಿ6ದೂ 278 ಹಾರ್ಸ್‌ಪವರ್, ಹೊಸ 2.4 ಟರ್ಬೋದೂ 278. ಆದರೆ ಹಳೆಯದು 265 ಪೌಂಡ್-ಅಡಿ ಟಾರ್ಕ್ ಕೊಡಲು 4,600 ಸುತ್ತು ತಿರುಗಬೇಕು, ಹೊಸದು 317 ಕೊಡುತ್ತದೆ, ಅದೂ 1,700ಕ್ಕೇ. ಹಳೇ ಟಕೋಮಾ ಓಡಿಸಿದವರಿಗೆ ಅದು ಏರಿನಲ್ಲಿ ಗೇರು ಹುಡುಕುತ್ತಾ ಒದ್ದಾಡುವುದು ಗೊತ್ತಿರುತ್ತದೆ. ಓಡಿಸಲು ಹೊಸದು ಎಷ್ಟೋ ಸುಖ. ಆದರೂ ಹೊಸ ಎಂಜಿನ್ನಿಗೆ ಇನ್ನೂ ವಯಸ್ಸಾಗಿಲ್ಲ, ಎರಡು ಲಕ್ಷ ಮೈಲಿ ಓಡಿದವು ಇನ್ನೂ ಬೆರಳೆಣಿಕೆ. ಈಗಲೇ ಕೊಳ್ಳಬೇಕು, ಇಪ್ಪತ್ತು ವರ್ಷ ಇಡಬೇಕು ಅನ್ನುವವರು 2023ರ ಒಳಗಿನ ವಿ6 ಚೆನ್ನಾಗಿ ನೋಡಿಕೊಂಡದ್ದು ಸಿಕ್ಕರೆ ಬಿಡಬಾರದು. ಸೆಕೆಂಡ್ ಹ್ಯಾಂಡ್ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅದೊಂದೇ ಕಷ್ಟ.

6.2 ಜಿಎಂ ತೆಗೆದುಕೊಳ್ಳುವವರು 2021ರಿಂದ 2024ರ ಗಾಡಿಯಾದರೆ ರೀಕಾಲ್ ಕೆಲಸ ಮುಗಿದ ಕಾಗದ ಕೈಯಲ್ಲಿ ಹಿಡಿಯದೆ ಮಾತೇ ಆಡಬೇಡಿ. ಟಂಡ್ರಾಗೂ ಅದೇ ಮಾತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿದರೆ ಬಾಕಿ ಇರುವ ರೀಕಾಲ್ ಪುಕ್ಕಟೆಯಾಗಿ ಸಿಗುತ್ತದೆ.

2007ರ ಟಂಡ್ರಾ ಒಂದು ಹತ್ತು ಲಕ್ಷ ಮೈಲಿ ಓಡಿದ ಕಥೆ ಎಲ್ಲರೂ ಹೇಳುತ್ತಾರೆ. ಲೂಯಿಸಿಯಾನಾದ ಗಾಡಿ, 4.7 ಲೀಟರ್ ವಿ8, ಟರ್ಬೋ ಇಲ್ಲ, 2016ರಲ್ಲಿ ಟೊಯೊಟಾ ಅದನ್ನು ವಾಪಸ್ ತೆಗೆದುಕೊಂಡು ಮಾಲೀಕರಿಗೆ ಹೊಸ ಟ್ರಕ್ ಕೊಟ್ಟಿತು. ಕಥೆ ನಿಜ. ಆದರೆ ಲೆಕ್ಕ ಹಾಕಿ, ಒಂಬತ್ತು ವರ್ಷದಲ್ಲಿ ಹತ್ತು ಲಕ್ಷ ಅಂದರೆ ವರ್ಷಕ್ಕೆ ಲಕ್ಷದ ಮೇಲೆ. ಅಷ್ಟು ಮೈಲಿ ಹೆದ್ದಾರಿಯಲ್ಲೇ ಕೂಡಬೇಕು. ಎಂಜಿನ್ ತಣ್ಣಗಾಗಲು ಪುರುಸೊತ್ತೇ ಇರಲಿಲ್ಲ, ಸರ್ವಿಸ್ ಒಂದೂ ತಪ್ಪಲಿಲ್ಲ. ದಿನಕ್ಕೆ ಆರು ಸಲ ಸ್ಟಾರ್ಟ್ ಮಾಡಿ ಎರಡೆರಡು ಮೈಲಿ ಓಡಿಸುವ ನಮ್ಮ ಬಳಕೆಗೆ ಅದೇ ವಿ8 ಹಾಕಿದರೆ ಅಷ್ಟು ಓಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರಿಗೆ ಕೊನೆಯದಾಗಿ ಇಷ್ಟು. ಬೆಳಗ್ಗೆ ಹೋಗಿ, ಮಾರುವವರಿಗೆ ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಿ. ಆಮೇಲೆ ಸ್ಟಾರ್ಟ್ ಮಾಡಿಸಿ, ನೀವು ಹೊರಗೆ ಎಂಜಿನ್ ಪಕ್ಕ ನಿಂತು ಕೇಳಿ. ಇಕೋಬೂಸ್ಟ್ ಆದರೆ ಮೊದಲ ಮೂರು ನಾಲ್ಕು ಸೆಕೆಂಡಿನ ಗಡಗಡ, ಜಿಎಂ ವಿ8 ಅಥವಾ ಹೆಮಿ ಆದರೆ ಬಿಡದೆ ಬರುವ ಟಿಕ್ ಟಿಕ್. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಗಿಡ್ಡ ಓಡಾಟದ ಗಾಡಿ ಅಂತ ಲೆಕ್ಕ. ಆಯಿಲ್ ಚೇಂಜ್ ರಸೀದಿಗಳನ್ನು ಕೇಳಿ, ಎರಡು ಚೇಂಜ್ ನಡುವಿನ ಮೈಲಿ ಲೆಕ್ಕ ಹಾಕಿ. ಟರ್ಬೋ ಗಾಡಿಯಲ್ಲಿ 10,000 ದಾಟಿದ ಅಂತರ ಒಂದೆರಡು ಕಡೆ ಕಂಡರೆ ಬೇರೆ ಗಾಡಿ ಹುಡುಕಿ. ಸ್ಪಾರ್ಕ್ ಪ್ಲಗ್ ಯಾವಾಗ ಬದಲಿಸಿದ್ದು ಅಂತಲೂ ಕೇಳಿ, ಪುಸ್ತಕದಲ್ಲಿ 1,00,000 ಮೈಲಿ ಅಂತ ಇದ್ದರೂ ಭಾರ ಎಳೆಯುವ ಇಕೋಬೂಸ್ಟ್‌ಗೆ ಅದರ ಅರ್ಧಕ್ಕೇ ಬದಲಿಸುವುದು ಒಳ್ಳೆಯದು. 2017ರಿಂದ 2020ರ 3.5 ಆಗಿದ್ದರೆ ಕ್ಯಾಮ್ ಫೇಸರ್ ಹೊಸದಾಗಿ ಹಾಕಿದ ಬಿಲ್ ತೋರಿಸಲಿ. ಬಿಲ್ ಇಲ್ಲ, ಬೆಳಗ್ಗೆ ಗಡಗಡ ಇದೆ, ಬೆಲೆಯನ್ನೂ ಇಳಿಸುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.